ಹಿಮ ಬೀಳುವಾಗ ಎಸಿ ಇಳಿಸುವವನು

ಕುವೈತಿನ ಫಹಾಹೀಲಿನಲ್ಲಿ, ಮಾಲಿನ ಮೂರನೇ ಮಾಳಿಗೆಯ
ಪ್ರೊಜೆಕ್ಟರ್ ಕೋಣೆಯಲ್ಲಿ ಇದು ನನ್ನ ಒಂಬತ್ತನೇ ಡಿಸೆಂಬರು.
ಒಂಬತ್ತು ಸಲವೂ ಅದೇ ಹುಡುಗಿ
ಶಹರದ ಕೆಲಸ ಬಿಟ್ಟು, ಕೆಂಪು ಮಫ್ಲರು ಸುತ್ತಿ,
ಹಿಮದೂರಿನ ಬೇಕರಿಯವನನ್ನು ಒಪ್ಪಿದ್ದಾಳೆ.
ಊರು ಬೇರೆ, ನಾಯಿ ಬೇರೆ,
ಮುತ್ತಿಗೆ ಮೊದಲು ಬೀಳುವ ಹಿಮ ಮಾತ್ರ ಒಂದೇ.
ಮುತ್ತು ಸೆನ್ಸಾರಿನಲ್ಲಿ ಹೋಗಿರುತ್ತದೆ,
ಹಿಮ ಉಳಿದಿರುತ್ತದೆ.

ನನ್ನ ಹತ್ತಿರವೂ ಕಥೆ ಉಂಟು.
ಟಿಕೆಟ್ ರೋಲಿನ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ.

ಶಿರ್ವದ ಜೋಕಿಂ ತನ್ನ ಅತ್ತಿಗೆಗೆ ಕಳಿಸಿದ ಕುಸ್ವಾರಿನ ಡಬ್ಬ
ವಿಮಾನ ನಿಲ್ದಾಣದಲ್ಲಿ ತಪ್ಪು ಕೈ ಸೇರುತ್ತದೆ.
ಕ್ಯಾಮೆರಾ ಆ ಡಬ್ಬದ ಹಿಂದೆಯೇ ಹೋಗಬೇಕು:
ಟ್ಯಾಕ್ಸಿಗೆ, ಕ್ಷೌರದಂಗಡಿಗೆ, ಕ್ಯಾಂಪಿನ ಕಾವಲುಗಾರನ ಮಂಚದಡಿಗೆ.
ಪ್ರತಿಯೊಬ್ಬನೂ ಒಂದೇ ತಿನ್ನುತ್ತಾನೆ.
ಪ್ರತಿಯೊಬ್ಬನೂ ಮುಚ್ಚಳ ಸರಿಯಾಗಿ ಮುಚ್ಚುತ್ತಾನೆ.
ಕೊನೆಗೆ ಅತ್ತಿಗೆಗೆ ಸಿಗುವುದು ಒಂದು ನೆವ್ರಿ, ಅದೂ ಮುರಿದದ್ದು.
ಆಕೆ ಆಗ ನಗುತ್ತಾಳೋ ಜೋಕಿಮನಿಗೆ ಫೋನು ಮಾಡಿ ಬೈಯುತ್ತಾಳೋ,
ಮೂರು ವರ್ಷವಾಯಿತು, ತೀರ್ಮಾನವಾಗಿಲ್ಲ.

ಮೇಲಿನ ಮಂಚದ ಡೊಡೊಂಗನಿಗೆ
ಸೆಪ್ಟೆಂಬರು ಒಂದಕ್ಕೇ ಕ್ರಿಸ್‌ಮಸ್ ಶುರು.
ಅವನ ಮೇಲೆ ಸಿನಿಮಾ ತೆಗೆದರೆ
ನಾಲ್ಕು ತಿಂಗಳು ಓಡುವುದು ಗ್ಯಾರಂಟಿ.

ಇಪ್ಪತ್ತೈದಕ್ಕೆ ರಜೆ ಸಿಗದ ನರ್ಸ್ ಒಬ್ಬಳು...
ಇದನ್ನು ಹೊಡೆದುಹಾಕಿದ್ದೇನೆ.
ಅದು ಕಥೆ ಅಲ್ಲ, ಡ್ಯೂಟಿ ಚಾರ್ಟು.

ಉಪ್ಪಿನಂಗಡಿಯ ಹಸನಬ್ಬನಿಗೆ ಡೇರೆ ಬಾಡಿಗೆಯ ಕಂಪೆನಿಯಲ್ಲಿ ಕೆಲಸ.
ಚಳಿ ಬಂತೆಂದರೆ ಇಲ್ಲಿಯವರು ಮರಳುಗಾಡಿಗೆ ಸಂಸಾರ ಸಮೇತ ಹೊರಡುತ್ತಾರೆ,
ಇವನು ಗೂಟ ಹೊಡೆಯುತ್ತಾನೆ, ಗೂಟ ಕೀಳುತ್ತಾನೆ.
ಹೋದ ವರ್ಷ ಇಪ್ಪತ್ನಾಲ್ಕರ ಕೊನೆಯ ಆಟ ಮುಗಿಸಿ
ಅವನ ಪಿಕಪ್ಪು ಹತ್ತಿದೆ. ವಫ್ರಾ ಕಡೆ ಒಂದು ಡೇರೆ ಬಿಚ್ಚಲಿತ್ತು.
ದೂರದಲ್ಲಿ ಎಣ್ಣೆಬಾವಿಯ ಬೆಂಕಿ, ಆಕಾಶಕ್ಕೆ ಅಂಟಿದ ಹಾಗೆ.
"ಆ ನಕ್ಷತ್ರ ಹಿಡಿದು ಹೋದರೆ
ಸಿಗುವುದು ಸೆಕ್ಯೂರಿಟಿ ಗೇಟು," ಎಂದ ಹಸನಬ್ಬ.

ಆಗ ಒಬ್ಬ ಕೈ ಅಡ್ಡ ಹಿಡಿದ.
ಇದ್ರೀಸ್, ಸುಡಾನಿನವನು, ಇನ್ನೂರು ಕುರಿಗೆ ಒಬ್ಬನೇ.
"ಇವತ್ತು ಯಾವ ವಾರ?"
ಬುಧವಾರ, ಎಂದೆವು. ಹನ್ನೆರಡು ದಾಟಿತ್ತಲ್ಲ.
"ಸರಿ, ಬೆಳಕು ಹಿಡಿಯಿರಿ."

ನಾನು ಮೊಬೈಲು ಹಿಡಿದೆ.
ಹಸನಬ್ಬ ಬಾಡಿಗೆಯ ಜಮಖಾನೆ ತಂದು ಹಾಸಿದ,
ಮಾಲೀಕನಿಗೆ ಏನು ಹೇಳುವುದೆಂದು ಗೊಣಗುತ್ತಾ.
ಮೊದಲ ಮರಿ ಏಳಲಿಲ್ಲ.
ಎರಡನೆಯದು ಎದ್ದಿತು, ಬಿದ್ದಿತು, ಎದ್ದಿತು,
ಪಿಕಪ್ಪಿನ ಟೈರಿನಲ್ಲಿ ಹಾಲು ಹುಡುಕಿತು.
ಯಾರೂ ಹಾಡಲಿಲ್ಲ.
ಇದ್ರೀಸ್ ಸತ್ತದ್ದನ್ನು ಗೋಣಿಯಲ್ಲಿ ಸುತ್ತಿ,
ಬದುಕಿದ್ದನ್ನು ತಾಯಿಯ ಕಡೆ ತಿರುಗಿಸಿ,
ಕೈ ತೊಳೆದು ಚಹಾ ಇಟ್ಟ.
ನಾವು ಮೂವರು, ಇದ್ದದ್ದು ಒಂದೇ ಲೋಟ.

ವಾಪಸು ಬರುವಾಗ ಹಸನಬ್ಬ:
"ಗ್ರೇಶಿಯಾ, ಇದನ್ನು ಮಾತ್ರ ಸಿನಿಮಾ ಮಾಡಬೇಡ ಮಾರಾಯ.
ಕಟ್ಟಿ ಹೇಳಿದ್ದು ಅಂತಾರೆ ಜನ.
ಮತ್ತೆ ಹಿಮವೂ ಇಲ್ಲ."

ಬೆಳಿಗ್ಗೆ ಹನ್ನೊಂದರ ಆಟಕ್ಕೆ ಏಳು ಜನ.
ಸ್ನಾನವಾಗಿರಲಿಲ್ಲ, ಅಂಗಿಯ ತೋಳಿನಲ್ಲಿ ಕುರಿಯ ವಾಸನೆ.
ಒಂದು ಗುಟ್ಟು ಹೇಳುತ್ತೇನೆ:
ಪರದೆಯ ಮೇಲೆ ಹಿಮ ಶುರುವಾಗುವ ಹೊತ್ತಿಗೆ ಸರಿಯಾಗಿ
ಹಾಲಿನ ಎಸಿಯನ್ನು ಎರಡು ಡಿಗ್ರಿ ಇಳಿಸುತ್ತೇನೆ.
ಇಷ್ಟು ವರ್ಷದ ನನ್ನ ನಿರ್ದೇಶನ ಅಷ್ಟೇ.

ಅವತ್ತು ಇಳಿಸಲಿಲ್ಲ. ಮರೆತೆನೋ, ಮನಸ್ಸಾಗಲಿಲ್ಲವೋ.
ಹಿಮ ಬಿತ್ತು. ಕೆಂಪು ಮಫ್ಲರು ತಲೆಯೆತ್ತಿ ನೋಡಿತು.
ನಾಲ್ಕನೇ ಸಾಲಿನಲ್ಲಿ ಒಂದು ಸಣ್ಣ ಹುಡುಗಿ
ಅಮ್ಮನ ಶಾಲಿನ ತುದಿ ಹುಡುಕಿ,
ಕಣ್ಣು ಪರದೆಯಿಂದ ತೆಗೆಯದೆಯೇ
ಗಲ್ಲದ ತನಕ ಎಳೆದುಕೊಂಡಳು.