ಸದ್ದು ಏರಿಸುವ ಬೆರಳು

ಮೊದಲ ಸಲ ಅದು ಹಾಡಿದಾಗ
ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷ.
ಕುವೊಪಿಯೋದ ಸರೋವರ ಕಲ್ಲಾಗಿ ಮಲಗಿತ್ತು.
ಮೊದಲ ಬಸ್ಸು ನನ್ನದು, ದೀಪ ಹಚ್ಚದೆ
ಸಾಕ್ಸ್ ಹುಡುಕುತ್ತಿದ್ದೆ.
ಅಡುಗೆಮನೆಯಲ್ಲಿ, ಬ್ರೆಡ್ಡಿನ ಡಬ್ಬಿಯ ಪಕ್ಕ,
ನಾನು ಮುಟ್ಟದ ಸ್ಪೀಕರ್
ಹಳೆಯದೊಂದು ಟ್ಯಾಂಗೋ ಶುರುಮಾಡಿತು,
ಅಕಾರ್ಡಿಯನ್ ಉಸಿರೆಳೆದು, ಬಿಟ್ಟು, ಮತ್ತೆ ಎಳೆದು.

ಯಾರ್ಮೋ ಅಂದುಕೊಂಡೆ. ಬೇರೆ ಯಾರು?
ಕಾಫಿ ಯಂತ್ರ ಒಯ್ದವನು,
ಗೋಡೆಯ ಮೊಳೆಗಳನ್ನೂ ಕಿತ್ತುಕೊಂಡು ಹೋದವನು,
ಕೀಲಿಕೈ ಕೊಟ್ಟರೂ
ಗಾಳಿಯಲ್ಲೊಂದು ಬಾಗಿಲು ಉಳಿಸಿಕೊಂಡಿರಬೇಕು.
ಫೋನ್ ಮಾಡಿ ಬೈದೆ.
"ಟ್ಯಾಂಗೋ ಅಂದರೆ ನನಗೆ ಹಲ್ಲುನೋವು,
ಹನ್ನೊಂದು ವರ್ಷದಲ್ಲಿ ಅಷ್ಟೂ ಗೊತ್ತಾಗಲಿಲ್ಲವಾ?" ಅಂದ.
ಗೊತ್ತಿತ್ತು. ಸಿಟ್ಟಿನಲ್ಲಿ ಮರೆತಿದ್ದೆ.

ಮಾರನೆಯ ದಿನವೂ ಅದೇ.
ಅದರ ಮಾರನೆಯ ದಿನ
ಒಂದೊಂದೇ ಮೆಟ್ಟಿಲು ಏರಿತು ಸದ್ದು,
ಮೂವತ್ತು, ನಲವತ್ತೈದು, ಅರವತ್ತು.
ಡ್ರಾಯರಿನೊಳಗೆ ಚಮಚಗಳು ಹಲ್ಲು ಕಡಿದವು.
ಕೆಳಮನೆಯ ಪಿರ್ಕ್ಕೋ ಪೊರಕೆಯ ಹಿಡಿಯಿಂದ
ತನ್ನ ಚಾವಣಿಯನ್ನು, ಅಂದರೆ ನನ್ನ ನೆಲವನ್ನು, ಕುಟ್ಟಿದಳು.
ವೈರು ಕಿತ್ತೆ.

ಡಿಪೋದಲ್ಲಿ ಟಿಕೆಟ್ ಯಂತ್ರ ರಿಪೇರಿಯ ವಿಲ್ಯಾಮಿ
ನನ್ನ ಫೋನು ಇಸಿದುಕೊಂಡು ಪಟ್ಟಿ ಓದಿದ:
ಈ ಫೋನು.
ಸೌನಾದ ಬಕೆಟ್ಟಿಗೆ ಬಿದ್ದು ಸತ್ತ ಹಳೆಯ ಫೋನು.
ಅಮ್ಮನ ಟ್ಯಾಬ್ಲೆಟ್ಟು.
"ಇದು ಇವತ್ತು ಬೆಳಿಗ್ಗೆ ಎದ್ದಿತ್ತು," ಅಂದ.

ಅಮ್ಮ ತೀರಿಹೋಗಿ ಹದಿನಾಲ್ಕು ತಿಂಗಳು.

ತಡವಾಗಿ ನೆನಪಾಯಿತು.
ಈಸಲ್ಮಿಯ ಆರೈಕೆ ಮನೆಯಲ್ಲಿ ಅವಳ ಕೋಣೆ ಖಾಲಿ ಮಾಡಿದ ದಿನ
ಎರಡೂ ಕೈಯಲ್ಲಿ ಚೀಲ, ರೈಲಿಗೆ ಹೊತ್ತಾಗಿತ್ತು,
ಆ ಹಲಗೆಯನ್ನು ಮೇಜಿನ ಮೇಲೇ ಬಿಟ್ಟು
"ಯಾರಿಗಾದರೂ ಇರಲಿ" ಅಂದಿದ್ದೆ.
ಅದಕ್ಕೂ ಮುಂಚೆ ಒಂದು ಭಾನುವಾರ
ಅಮ್ಮ ನನ್ನ ಅಡುಗೆಮನೆಯಲ್ಲಿ ಕೂತು
ಏನನ್ನೋ ಒತ್ತಿದ್ದಳು: ಇಲ್ಲಿ ನುಡಿಸು.
ಅಂದಿನಿಂದ ಹಲಗೆಗೆ
ಇಲ್ಲಿ ಅಂದರೆ ನನ್ನ ಮನೆ.

ಅಲ್ಲಿಗೆ ಫೋನ್ ಮಾಡಿದೆ. ನರ್ಸ್ ಹೇಳಿದಳು:
ತೌನೋ ಅಂತ ಒಬ್ಬರಿದ್ದಾರೆ,
ಮರದ ದಿಮ್ಮಿ ಲಾರಿ ಓಡಿಸಿದವರು, ನಾಲ್ಕಕ್ಕೇ ಏಳುತ್ತಾರೆ.
ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಾರೆ,
ಗೆರೆ ಓಡುತ್ತದೆ, ಹಾಡು ಬರುವುದಿಲ್ಲ.
ಕಿವಿಯೂ ಹೋಯಿತು ಅಂತ ಅಳುತ್ತಾರೆ.
ಡಾಕ್ಟರಿಗೂ ತೋರಿಸಿದೆವು.

ಅಯ್ಯೋ, ಆ ಅರವತ್ತು.
ನನ್ನನ್ನು ಹೆದರಿಸಲಿಕ್ಕಲ್ಲ,
ತನಗೊಂದಿಷ್ಟು ಕೇಳಲಿ ಅಂತ
ಎಂಬತ್ತೈದು ಕಿಲೋಮೀಟರ್ ಆಚೆಯ ಬೆರಳು
ಒತ್ತಿ ಒತ್ತಿ ಏರಿಸಿದ್ದು.

"ಖಾತೆ ಅಳಿಸಬೇಡಿ," ಅಂದ ವಿಲ್ಯಾಮಿ,
"ಅಳಿಸಿದರೆ ಅವರಿಗೆ ಏನೂ ಉಳಿಯುವುದಿಲ್ಲ.
ಸ್ಪೀಕರಿನ ಬಾಗಿಲು ಹಾಕಿ, ಸಾಕು.
ಹೊರಗೆ ದಾರಿ ಸಿಗದ ಹಾಡು
ಇದ್ದಲ್ಲೇ ಬಾಯಿ ಬಿಡುತ್ತದೆ."

ಮರುದಿನ ಮತ್ತೆ ವೈರು ಚುಚ್ಚಿ ಕಾದೆ.
ಪಾತ್ರೆಯಲ್ಲಿ ಕಾಫಿ ಕುದಿಯುತ್ತಿತ್ತು, ಯಂತ್ರವಿಲ್ಲವಲ್ಲ.
ನಾಲ್ಕು ಹನ್ನೆರಡು. ಬಂತು.
ಒಂದು ಹಾಡು ಪೂರ್ತಿ ಕೇಳಿದೆ, ನಿಂತೇ.
ಎರಡನೆಯದರ ನಡುವೆ
ಸದ್ದನ್ನು ಇಪ್ಪತ್ತೈದಕ್ಕೆ ಇಳಿಸಿದೆ,
ಮುದುಕ ಬೆಚ್ಚಿಬೀಳಬಾರದು ಅಂತ,
ಅಲ್ಲಿಯ ಸದ್ದು ಇಲ್ಲಿಂದ ಇಳಿಯುತ್ತದೋ ಇಲ್ಲವೋ ತಿಳಿಯದೆ.
ಆಮೇಲೆ ಒತ್ತಿದೆ: ಮನೆಯ ಹೊರಗಿನವರಿಗೆ ಅನುಮತಿ ಇಲ್ಲ.

ಅಕಾರ್ಡಿಯನ್ ಉಸಿರೆಳೆದುಕೊಂಡು ಬಿಡಲಿಲ್ಲ.
ಕಾಫಿ ಉಕ್ಕಿತು.

ಅಲ್ಲೇನಾಯಿತೋ ನಾನು ಕಂಡವಳಲ್ಲ.
ನನ್ನ ಫೋನು ಮಾತ್ರ ಈಗ ದಿನಕ್ಕೆರಡು ಟ್ಯಾಂಗೋ ತಂದು
"ನಿಮಗೆ ಇಷ್ಟವಾಗಬಹುದು" ಅನ್ನುತ್ತದೆ.
ಒಂದು ಖಾತೆಯಲ್ಲಿ ಇಬ್ಬರು ಒಟ್ಟಿಗೆ ಕೇಳುವಂತಿಲ್ಲ,
ನಾನು ಶುರುಮಾಡಿದರೆ ಅವನದು ನಿಲ್ಲುತ್ತದೆ.
ಹಾಗಾಗಿ ನಾಲ್ಕರಿಂದ ಐದೂವರೆ ತನಕ
ನಾನು ಏನೂ ಹಾಕುವುದಿಲ್ಲ.
ಹಿಮ ಕೆರೆಯುವ ಗಾಡಿಯ ಹಿಂದೆ
ಖಾಲಿ ಬಸ್ಸು ಓಡಿಸುತ್ತೇನೆ, ವೈಪರ್ ಸದ್ದಿನಲ್ಲಿ.