ಎರಡು ಜಿ.ಬಿ.

ಎಂಟು ರಿಯಾಲಿಗೆ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು,
ಯಾವುದೋ ಕ್ಲಿನಿಕ್ಕಿನ ಲ್ಯಾಪ್‌ಟಾಪು. ಮುಚ್ಚಳದ ಮೇಲೆ
ಎರಡನೇ ಮಹಡಿ, ರಕ್ತ ಪರೀಕ್ಷೆ ಎಂದು ಅರಬ್ಬಿಯ ಚೀಟಿ;
ಉಗುರು ಹಾಕಿದರೆ ಅರ್ಧವೇ ಎದ್ದು ಬಂತು.

ಇದಕ್ಕೆ ಜೀವ ಉಂಟಾ? ಕೇಳಿದ ಮೊಹಿದಿನಬ್ಬ.
ಉಂಟು. ಲಿನಕ್ಸ್ ಹಾಕಿದರೆ ಓಡುತ್ತದಂತೆ.
ದುಡ್ಡೆಷ್ಟು? ಪುಕ್ಕಟೆ.
ಪುಕ್ಕಟೆ ಕೊಡುವವರು ಏನು ತಿಂದು ಬದುಕುತ್ತಾರೆ ಮಾರಾಯ,
ಎಂದು ಗೋಡೆಗೆ ಮಗ್ಗುಲಾದ.

ಶುಕ್ರವಾರ. ಹಮ್ರಿಯಾದ ಬೋಳು ಗುಡ್ಡ
ಹಗಲು ಕುಡಿದ ಬಿಸಿಲನ್ನೆಲ್ಲ ರಾತ್ರಿ ಕಕ್ಕುತ್ತಿತ್ತು.
ಪೆನ್‌ಡ್ರೈವ್ ಚುಚ್ಚಿದ್ದು ಮಗ್ರಿಬ್ ಬಾಂಗಿನ ಹೊತ್ತಿಗೆ.
ಇಶಾ ಬಾಂಗಿಗೆ ಶೇಕಡಾ ಮೂವತ್ತೊಂದು.
ಪದ್ಮಯ್ಯ ಗಂಜಿ ಬಸಿದ, ಬಂಗುಡೆ ಹುರಿದ,
ಉಂಡೆವು, ತಟ್ಟೆ ತೊಳೆದೆ, ಬಂದು ನೋಡಿದೆ:
ಮೂವತ್ತೆರಡು.

ಬೆಳಗಿನ ಜಾವ ಅಂತೂ ಎದ್ದಿತು.
ಎದ್ದದ್ದು ಅನ್ನಬಹುದೋ ಏನೋ.
ಬಾಣವನ್ನು ಎಡಕ್ಕೆ ತಳ್ಳಿದರೆ
ಒಂದು ಲೋಟ ಸುಲೈಮಾನಿ ಮುಗಿಯುವ ಹೊತ್ತಿಗೆ
ಎಡಕ್ಕೆ ಹೋಗುತ್ತಿತ್ತು.

ಕಪ್ಪು ಕಿಟಕಿ ತೆರೆದು ಟಾಪ್ ಎಂದು ಬರೆದೆ.
ಯಾರು ಎಷ್ಟು ದುಡಿಯುತ್ತಾರೆ, ಯಾರು ಎಷ್ಟು ತಿನ್ನುತ್ತಾರೆ,
ನಮ್ಮ ಫೋರ್‌ಮನ್ನನ ಹತ್ತಿರವೂ ಇಲ್ಲದ ಹಾಜರಿ ಪುಸ್ತಕ.
ಪ್ರೊಸೆಸರು ಕೈಕಟ್ಟಿ ಕೂತಿದೆ, ಡಿಸ್ಕಿನ ದಾರಿ ಕಾಯುತ್ತ.
ನೆನಪು ಎರಡೇ ಜಿ.ಬಿ., ತುಂಬಿ
ತುಳುಕಿದ್ದೆಲ್ಲ ಡಿಸ್ಕಿಗೆ. ಸ್ವಾಪ್ ಅನ್ನುತ್ತಾರೆ.

ಸ್ವಾಪ್ ಅಂದರೆ? ಕೇಳಿದ, ಮುಸುಕಿನೊಳಗಿಂದ.
ಮಂಚ ಆರು, ಜನ ಒಂಬತ್ತು. ನಿನ್ನ ಪೆಟ್ಟಿಗೆ ನನ್ನ ಮಂಚದಡಿ,
ನನ್ನದು ಹೊರಗೆ ಓಣಿಯಲ್ಲಿ, ಅದರ ಮೇಲೆ ಪದ್ಮಯ್ಯನ ಅಕ್ಕಿ.
ಒಂದು ಬನಿಯನ್ ಬೇಕಾದರೆ
ಎಲ್ಲ ಎಳೆಯಬೇಕು, ಮತ್ತೆ ಎಲ್ಲ ತಳ್ಳಬೇಕು.
ಓ, ಅಂದ. ಹಾಗಾದರೆ ಅದರ ತಪ್ಪೇನುಂಟು?

ಆ ವಾರವೆಲ್ಲ ಕೆಲಸ ಬಿಟ್ಟು ಬಂದಮೇಲೆ ಅದೇ ಧ್ಯಾನ.
ಹಗುರದ ಡೆಸ್ಕ್‌ಟಾಪ್ ಹಾಕಿದೆ. ಕಿಟಕಿಗಳ ನೆರಳು ಕಿತ್ತೆ, ಹೊಳಪು ಕಿತ್ತೆ,
ಇಲ್ಲದ ಪ್ರಿಂಟರನ್ನು ಹುಡುಕುತ್ತ ಅಲೆಯುತ್ತಿದ್ದವನನ್ನು
ಮನೆಗೆ ಕಳಿಸಿದೆ.
ಡಿಸ್ಕಿನ ಜಾತಕ ತೆಗೆಸಿದರೆ ಕೆಟ್ಟ ಜಾಗ ಏಳು.
ಏಳಕ್ಕೆಲ್ಲ ಯಾರೂ ಸಾಯುವುದಿಲ್ಲ,
ನನ್ನ ಬಾಯಲ್ಲೇ ಎರಡು ಹಲ್ಲಿಲ್ಲ.

ಓಡಿತು. ಅರ್ಧ ಗಂಟೆ.
ಮತ್ತೆ ಅದೇ ಬಸವನ ಹುಳ.

ಬುಧವಾರ ಸಿಟ್ಟಿನಲ್ಲಿ ಎತ್ತಿ ಮಡಿಲಿಗಿಟ್ಟುಕೊಂಡಾಗ
ತೊಡೆ ಸುಟ್ಟಿತು.
ಆಗ ಹೊಳೆಯಿತು, ಆಗ ನಾಚಿಕೆಯೂ ಆಯಿತು:
ಹನ್ನೊಂದು ವರ್ಷದಿಂದ ಮಸ್ಕತ್ತಿನ ಮನೆಮನೆಗೆ ಏಣಿ ಹೊತ್ತು
ಎ.ಸಿ. ಬಿಚ್ಚುವವನು ನಾನು,
ಫಿಲ್ಟರ್ ತೊಳೆದು ಎಷ್ಟು ದಿನವಾಯಿತು ಮೇಡಂ
ಎಂದು ಕೇಳಿ ಕೇಳಿ ಹಳಬನಾದವನು,
ಇದರ ಮೂಗಿಗೆ ಒಮ್ಮೆಯೂ ಕೈ ಹಿಡಿದು ನೋಡಿರಲಿಲ್ಲ.
ದೀಪದ ಬುಡ ಅಂದರೆ ಇದೇ.

ಒಂಬತ್ತು ಸ್ಕ್ರೂ. ಒಳಗೆ
ಫ್ಯಾನಿಗೂ ತಾಮ್ರದ ರೆಕ್ಕೆಗೂ ನಡುವೆ ಬೂದು ಕಂಬಳಿ:
ಮರಳಿನ ನುಸಿ, ಕ್ಲಿನಿಕ್ಕಿನ ಹತ್ತಿ,
ಸರದಿಯಲ್ಲಿ ಕೂತು ಎದ್ದುಹೋದವರ
ಯಾರ ಯಾರದೋ ಕೂದಲು.
ವ್ಯಾನಿನ ಬ್ಲೋವರ್ ತಂದು ಊದಿದೆ. ಪದ್ಮಯ್ಯ ಬೈದ,
ಅವನ ಅಕ್ಕಿಗೆ ಬಿತ್ತು.

ಬಿಸಿಯಾದರೆ ತಾನೇ ನಿಧಾನವಾಗುವುದಂತೆ ಇದು,
ಸಾಯದಿರಲು. ಜೂನಿನಲ್ಲಿ ನಮಗೂ ಆ ಕಾನೂನುಂಟು,
ಹನ್ನೆರಡೂವರೆಯಿಂದ ಮೂರೂವರೆ.
ತಾರಸಿಯ ಮೇಲೆ ಗಡಿಯಾರ ಇರಬೇಕಷ್ಟೆ.

ಈಗ ಎರಡು ನಿಮಿಷಕ್ಕೆ ಏಳುತ್ತದೆ. ವೇಗ ಅನ್ನಲಾರೆ.
ರೂಮಿನ ಚೀಟಿ ಫಂಡಿನ ಲೆಕ್ಕ ಹತ್ತಿದೆ,
ಒಂಬತ್ತು ಹೆಸರು, ಯಾರು ಎತ್ತಿದ್ದು, ಯಾರದು ಬಾಕಿ.
ಮೊಹಿದಿನಬ್ಬನಿಗೆ ಅದು ಬೇಡ. ಆ ಹಾಜರಿ ಪುಸ್ತಕ ತೋರಿಸು, ಅಂದ.
ತೋರಿಸಿದೆ. ಬೆರಳಿಟ್ಟ:
ತೊಂಬತ್ತಾರು ಅಂತ ಉಂಟಲ್ಲ, ಅದು ಯಾರ ದುಡಿಮೆ?
ಯಾರದೂ ಅಲ್ಲ. ಸುಮ್ಮನೆ ಇರುವುದರ ಲೆಕ್ಕ.

ಸುಮ್ಮನೆ ಇರುವುದಕ್ಕೂ ಲೆಕ್ಕ ಇಟ್ಟಿದ್ದಾರಾ,
ಎಂದು ಬಹಳ ಹೊತ್ತು ಅದನ್ನೇ ನೋಡುತ್ತ ಕೂತ.
ತೊಂಬತ್ತೇಳಾಯಿತು.