ನಾಲ್ಕನೇ ಪ್ರಶ್ನೆ

ಕೇಪ್‌ಟೌನಿನ ಬೆಟ್ಟಕ್ಕೆ ನಮ್ಮ ಕಡೆಗೆ ಬೆನ್ನು.
ಹ್ಯಾನೋವರ್ ಪಾರ್ಕಿನ ಸಮುದಾಯ ಭವನದಲ್ಲಿ
ಮಂಗಳವಾರ ಸಂಜೆ ಹನ್ನೆರಡು ಕುರ್ಚಿ ಹಾಕುತ್ತೇನೆ.
ಏಳು ತುಂಬಿದರೆ ಹಬ್ಬ.

ಕಚೇರಿಯವರು ಕಳಿಸಿದ ಫಾರಮ್ಮಿನಲ್ಲಿ ನಾಲ್ಕನೇ ಪ್ರಶ್ನೆ:
ಐದು ವರ್ಷದ ನಂತರ ನೀನು ಎಲ್ಲಿರುತ್ತೀಯ?
ಹುಡುಗರು ಬಿದ್ದು ಬಿದ್ದು ನಕ್ಕರು.
ಒಬ್ಬ ಬರೆದ: ಜೈಲು, ಮೂರನೇ ಮಹಡಿ.
ಇನ್ನೊಬ್ಬ: ಅಣ್ಣನ ಪಕ್ಕದಲ್ಲಿ.
(ಅಣ್ಣನನ್ನು ಮಣ್ಣು ಮಾಡಿದ್ದು ಈಸ್ಟರ್ ವಾರದಲ್ಲಿ.)
ಚೆಸ್ಲಿನ್ ಏನೂ ಬರೆಯಲಿಲ್ಲ,
ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ
ಚಪ್ಪಟೆ ಮಾಡಿ ವಾಪಸ್ಸು ಕೊಟ್ಟ.

ಮೂವತ್ತೊಂದು ವರ್ಷ ರೈಲು ಓಡಿಸಿದವನು ನಾನು,
ಬರೀ ಮಾತಿನಲ್ಲಿ ಯಾರನ್ನೂ ಎಲ್ಲಿಗೂ ಮುಟ್ಟಿಸಿದವನಲ್ಲ.
ತರಬೇತಿ ಪುಸ್ತಕದಲ್ಲಿ ಆತ್ಮವಿಶ್ವಾಸ ಅಂತೊಂದು ಅಧ್ಯಾಯ;
ಓದಿ ಹೇಳುವಾಗ ನನ್ನ ದನಿ ನನಗೇ ಎರವಲು.
ಪುಸ್ತಕ ಮುಚ್ಚಿ ಚಹಾಕ್ಕಿಡುತ್ತೇನೆ.
ನಾಲ್ಕು ನಾಲ್ಕು ಚಮಚ ಸಕ್ಕರೆ ಹಾಕಿಕೊಳ್ಳುತ್ತಾರೆ,
ಕಂಡೂ ಕಾಣದ ಹಾಗೆ ಇರುತ್ತೇನೆ.

ಬಂದರಿನ ವೆಲ್ಡಿಂಗ್ ಶೆಡ್ಡಿನಿಂದ ಚೆಸ್ಲಿನ್‌ಗೆ ಕರೆ ಬಂತು.
ಹುಡುಗನ ಕೈ ನಿಧಾನ, ಬೆಸುಗೆ ಬಲು ನೀಟು.
ಆದರೆ ವ್ಯಾನು ನಿಲ್ಲುವುದು ರಸ್ತೆಯ ಆಚೆಗೆ.
ಅಗಲ, ಹದಿನಾಲ್ಕು ಹೆಜ್ಜೆ.
ಆಚೆ ಗೋಡೆಯ ಮೇಲೆ ಬೇರೆಯವರ ಅಕ್ಷರ.
ಅವನು ಅದನ್ನು ದಾಟದೆ ಮೂರು ವರ್ಷ.

ಬೆಳಗಿನ ಐದೂಮುಕ್ಕಾಲು. ಗಾಳಿ
ಪ್ಲಾಸ್ಟಿಕ್ ಚೀಲಗಳನ್ನು ತಂತಿಬೇಲಿಗೆ ಅದುಮಿ ಹಿಡಿದಿತ್ತು.
ಹಳೆಯ ರೈಲ್ವೆ ಕೋಟು ತೊಟ್ಟು ಅವನ ಎಡಕ್ಕೆ ನಿಂತೆ.
ಗುಂಡು ಬಂದರೆ ತಡೆಯಲು ನಾನೇನು ಗೋಡೆಯೇ,
ಹೊಟ್ಟೆಯೊಂದಿದೆ, ಅಷ್ಟೆ. ಜೊತೆಗೆ ಮಂಡಿನೋವು.
ನನ್ನಿಂದಾಗಿ ಅವನೂ ಕುಂಟುತ್ತಲೇ ನಡೆದ.

ಏಳನೇ ಹೆಜ್ಜೆಗೆ ಕೇಳಿದ:
"ಅಂಕಲ್ ಫಡೀಲ್, ಆ ನಾಲ್ಕನೇ ಪ್ರಶ್ನೆಗೆ
ನೀವೇನು ಬರೆದ್ರಿ?"

ನನ್ನನ್ನು ಯಾರೂ ಕೇಳಿರಲಿಲ್ಲ.
ಅರವತ್ತೆಂಟಕ್ಕೆ ಐದು ಕೂಡಿಸುತ್ತ ನಿಂತುಬಿಟ್ಟೆ,
ನಟ್ಟ ನಡು ರಸ್ತೆಯಲ್ಲಿ.
ಮೂಲೆಯಿಂದ ಯಾರೋ ಸಿಳ್ಳೆ ಹೊಡೆದರು
ನಾಯಿಗೋ, ನಮಗೋ.
ಅವನೇ ನನ್ನ ತೋಳು ಹಿಡಿದ.

ವ್ಯಾನಿನ ಬಾಗಿಲು ಜಾರಿತು. ಒಂದೇ ಸೀಟು.
ಹತ್ತಿ, ಕುತ್ತಿಗೆ ಹೊರಚಾಚಿ,
"ಸಂಜೆ ಆರಕ್ಕೆ ಇಲ್ಲಿರ್ತೀರಲ್ಲ?"

ಇಲ್ಲೇ ಇರ್ತೀನಿ, ಅಂದೆ.

ಒಬ್ಬನೇ ವಾಪಸ್ಸು ಬರುವಾಗ ಎಣಿಸಿದೆ:
ಹದಿನಾರು ಹೆಜ್ಜೆ ಬಂತು.